ಮನೆ ಬದಲಿಸಿದ ಬ್ಯಾಂಕು

ಬಾಡಿಗೆಯ ಮನೆಯಲ್ಲಿರುವವನಿಗೆ ಬೇರೆ ಮನೆಯ ಆಸೆ ಸಹಜವೇ. ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕಿಗೂ ಆ ಆಸೆಯಿದ್ದಿತು. ಅದರ ಲೆಕ್ಕಪತ್ರವೆಲ್ಲವೂ ಹಿಂದಿನ ಒಡೆಯ ಲಾಯ್ಡ್ಸ್ ಬ್ಯಾಂಕಿನ ಹಳೆಯ ಗಣಕವ್ಯವಸ್ಥೆಯಲ್ಲಿಯೇ ನಡೆಯುತ್ತಿದ್ದಿತು. ಅದಕ್ಕಾಗಿ ಶುಲ್ಕವನ್ನೂ ತೆರಬೇಕಾಗಿದ್ದಿತು. 2015ರಲ್ಲಿ ಬ್ಯಾಂಕನ್ನು ಕೊಂಡ ಸ್ಪೇನಿನ ಸಬಾಡೆಲ್ ಸಂಸ್ಥೆ ಹೊಸ ತಂತ್ರಾಂಶವನ್ನು ಸಿದ್ಧಪಡಿಸಿತು.

2018ರ ಏಪ್ರಿಲ್ ತಿಂಗಳ ಒಂದು ವಾರಾಂತ್ಯದಲ್ಲಿ ಸುಮಾರು 52 ಲಕ್ಷ ಗಿರಾಕಿಗಳ ಲೆಕ್ಕಗಳನ್ನು ಬಹುಮಟ್ಟಿಗೆ ಒಂದೇ ಸಲಕ್ಕೆ ಸಾಗಿಸಲಾಯಿತು. ಸೋಜಿಗವೆಂದರೆ, ಲೆಕ್ಕಗಳೇನೋ ಸುರಕ್ಷಿತವಾಗಿಯೇ ತಲುಪಿದವು. ಆದರೆ ಬಾಗಿಲು ತೆರೆದೊಡನೆ ಹೊಸ ವ್ಯವಸ್ಥೆ ಜನರ ನೂಕುನುಗ್ಗಲನ್ನು ತಾಳಲಾರದೆ ತತ್ತರಿಸಿತು. 19 ಲಕ್ಷದವರೆಗೆ ಗಿರಾಕಿಗಳು ತಮ್ಮ ಖಾತೆಯನ್ನು ತಾವೇ ಕಾಣಲಾರದಾದರು. ಸಂಬಳ ಬಂದಿತೋ, ಬಾಡಿಗೆ ಸಂದಿತೋ, ಬಲ್ಲವರಾರು? ಈ ಗೊಂದಲದಲ್ಲಿ ವಂಚಕರೂ ತಮ್ಮ ಬೇಳೆ ಬೇಯಿಸಿಕೊಂಡರು.

ಕಾರಣಗಳಲ್ಲೊಂದನ್ನು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಹೊಸ ವ್ಯವಸ್ಥೆಗೆ ಎರಡು ಗಣಕಕೇಂದ್ರಗಳಿದ್ದವು. ಭಾರ ಹೊರುವ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರವೆಂದು 2019ರ ತನಿಖಾ ವರದಿ ತಿಳಿಸಿತು. ಒಂದೇ ಗೋಡೆಯನ್ನು ತಟ್ಟಿನೋಡಿ ಗೃಹಪ್ರವೇಶ ಮಾಡಿದಂತಾಯಿತು! ಹಳೆಯದನ್ನು ಜೊತೆಗಿರಿಸಿಕೊಂಡು, ಗಿರಾಕಿಗಳನ್ನು ತಂಡತಂಡವಾಗಿ ಸಾಗಿಸಿದ್ದರೆ ಬಿರುಕು ಮೊದಲೇ ಕಣ್ಣಿಗೆ ಬೀಳುತ್ತಿದ್ದಿತೆಂಬುದು ನಮ್ಮ ಎಣಿಕೆ.

ಮುಖ್ಯಾಧಿಕಾರಿ ಪಾಲ್ ಪೆಸ್ಟರ್ ಅದೇ ಸೆಪ್ಟೆಂಬರಿನಲ್ಲಿ ಹುದ್ದೆಯನ್ನು ತೊರೆದರು. ಎಲ್ಲವೂ ಹದಕ್ಕೆ ಬರುವ ಹೊತ್ತಿಗೆ ಡಿಸೆಂಬರ್ ಬಂದಿದ್ದಿತು. 2022ರ ಡಿಸೆಂಬರಿನಲ್ಲಿ ನಿಯಂತ್ರಣ ಸಂಸ್ಥೆಗಳು ಬ್ಯಾಂಕಿಗೆ ವಿಧಿಸಿದ ದಂಡ 4 ಕೋಟಿ 86 ಲಕ್ಷ ಪೌಂಡುಗಳನ್ನೂ ಮೀರಿದ್ದಿತು.