ಸಣ್ಣ ಕಾಂತಕ್ಕೂ ಓಗೊಡುವ ತಂತಿ

ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರ ತೀರಾ ದುರ್ಬಲ: 25ರಿಂದ 65 ಮೈಕ್ರೊಟೆಸ್ಲಾ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಪುಟ್ಟ ಅಯಸ್ಕಾಂತದ ಮೇಲ್ಮೈಯಲ್ಲೇ ಅದರ ನೂರು ಪಟ್ಟಿನಷ್ಟು ಬಲವಿರಬಹುದು. ಆದರೂ ಕೂದಲಿನಷ್ಟು ತೆಳ್ಳಗಿನ ಒಂದು ತಂತಿ ಭೂಮಿಯ ಕಾಂತವನ್ನು ಸಲೀಸಾಗಿ ಗುರುತಿಸಬಲ್ಲದು.

ಈ ತಂತಿ ತಯಾರಾಗುವ ಬಗೆಯೇ ಬೇರೆ. ಕೋಬಾಲ್ಟ್, ತುಸು ಕಬ್ಬಿಣ, ಸಿಲಿಕಾನ್ ಮತ್ತು ಬೋರಾನನ್ನು ಕರಗಿಸಿ, ಸಣ್ಣ ರಂಧ್ರದ ಮೂಲಕ ತಿರುಗುವ ಡ್ರಮ್ಮಿನೊಳಗಿನ ನೀರಿಗೆ ಚಿಮ್ಮಿಸುತ್ತಾರೆ. ಪರಮಾಣುಗಳು ಸಾಲುಗಟ್ಟುವ ಮೊದಲೇ ಲೋಹ ಗಟ್ಟಿಯಾಗಿಬಿಡುತ್ತದೆ. ಹರಳುಗಳೇ ಇಲ್ಲದ ಮೇಲೆ ಕಾಂತವಲಯಗಳನ್ನು ಅಡ್ಡಗಟ್ಟುವ ಹರಳಿನ ಅಂಚುಗಳೂ ಇರುವುದಿಲ್ಲ. ತಂತಿಯ ಹೊರಪದರದಲ್ಲಿ ಈ ವಲಯಗಳು ಬಳೆ ತೊಡಿಸಿದ ಹಾಗೆ ಸುತ್ತುವರಿದಿರುತ್ತವೆ.

ಇನ್ನು ಈ ತಂತಿಯಲ್ಲಿ ಹರಿಸುವ ಎಸಿ ಕರೆಂಟಿನ ಸ್ವಭಾವ. ಫ್ರೀಕ್ವೆನ್ಸಿ ಏರಿದಂತೆಲ್ಲ ಅದು ತಂತಿಯ ನಡುಭಾಗ ಬಿಟ್ಟು ಹೊರಮೈಗೆ ಸರಿಯುತ್ತದೆ. ಇದೇ ಸ್ಕಿನ್ ಎಫೆಕ್ಟ್. ಒಂದು ಮೆಗಾಹರ್ಟ್ಸ್‌ನಲ್ಲಿ ತಾಮ್ರದೊಳಗೆ ಕರೆಂಟು ಇಳಿಯುವುದು ಸುಮಾರು 65 ಮೈಕ್ರಾನ್. ಲೋಹ ಸುಲಭವಾಗಿ ಕಾಂತವಾಗುವಂಥದ್ದಾದರೆ ಈ ಆಳ ಇನ್ನೂ ಕುಗ್ಗುತ್ತದೆ. ಅಂದರೆ ಅದರ ಪರ್ಮಿಯಬಿಲಿಟಿ ಎಷ್ಟು ಹೆಚ್ಚೋ ಆಳ ಅಷ್ಟು ಕಡಿಮೆ.

ಗುಟ್ಟಿರುವುದು ಇಲ್ಲೇ. ತಂತಿಯ ಉದ್ದಕ್ಕೆ ಹೊರಗಿನ ಕಾಂತಕ್ಷೇತ್ರ ತಾಗಿದಾಗ ಸುತ್ತುವರಿದ ವಲಯಗಳು ಅತ್ತ ವಾಲುತ್ತವೆ, ಪರ್ಮಿಯಬಿಲಿಟಿ ಬದಲಾಗುತ್ತದೆ. ಅದು 10,000 ಇದ್ದಾಗ ಕರೆಂಟು ಆರು ಮೈಕ್ರಾನಿನ ತೆಳು ಪದರದಲ್ಲಿ ಇಕ್ಕಟ್ಟಾಗಿ ಹರಿಯುತ್ತದೆ ಎಂದುಕೊಳ್ಳೋಣ. ಕಾಂತಕ್ಷೇತ್ರ ಬಲಗೊಂಡು ಪರ್ಮಿಯಬಿಲಿಟಿ 1,000ಕ್ಕೆ ಇಳಿದರೆ ದಾರಿ 18 ಮೈಕ್ರಾನಿಗೆ ಅಗಲವಾಗುತ್ತದೆ. ತಂತಿ ಒಡ್ಡುವ ಒಟ್ಟು ತಡೆ, ಅಂದರೆ ಇಂಪೀಡೆನ್ಸ್, ಥಟ್ಟನೆ ಕುಸಿಯುತ್ತದೆ. ತಂತಿಯ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆದರೆ ಸಾಕು, ಕಾಂತಕ್ಷೇತ್ರದ ಲೆಕ್ಕ ಸಿಗುತ್ತದೆ.

ನಿಕ್ಕಲ್-ಕಬ್ಬಿಣದ ತಂತಿಯಲ್ಲಿ ಇಂಥ ಬದಲಾವಣೆಯನ್ನು ಹ್ಯಾರಿಸನ್ ಮತ್ತು ಸಂಗಡಿಗರು 1935ರ ಸುಮಾರಿಗೇ ಕಂಡಿದ್ದರು. ಆದರೆ ವಿಷಯಕ್ಕೆ ಮರುಜೀವ ಬಂದದ್ದು 1994ರಲ್ಲಿ. ಜಪಾನಿನ ನಗೋಯಾದಲ್ಲಿ ಲಾರಿಸಾ ಪಾನಿನಾ ಮತ್ತು ಕನೆಯೊ ಮೊಹ್ರಿ ಹರಳಿಲ್ಲದ ಕೋಬಾಲ್ಟ್ ತಂತಿಯಲ್ಲಿ ಈ ಪರಿಣಾಮವನ್ನು ವಿವರಿಸಿದರು. ಅದೇ ವರ್ಷ ಅಮೆರಿಕದ ಬೀಚ್ ಮತ್ತು ಬರ್ಕೊವಿಟ್ಜ್ ಕೂಡ ಇಂಥದ್ದೇ ಫಲಿತಾಂಶ ಪ್ರಕಟಿಸಿದರು. ಮುಂದೆ ಹಲವು ಪ್ರಯೋಗಗಳಲ್ಲಿ ಇಂಪೀಡೆನ್ಸ್ ನೂರಾರು ಶೇಕಡಾ ಬದಲಾದದ್ದು ಕಂಡಿತು.

ಇದನ್ನು ಕಾರ್ಖಾನೆಗೆ ತಂದದ್ದು ಜಪಾನಿನ ಐಚಿ ಸ್ಟೀಲ್ ಕಂಪನಿ. ಅದರ ಸೆನ್ಸರುಗಳು ಮೊಬೈಲ್ ಫೋನುಗಳಲ್ಲಿ ದಿಕ್ಸೂಚಿಯಾಗಿ ಕೆಲಸ ಮಾಡಿದವು. ನಮ್ಮಲ್ಲೂ ಜಮ್ಶೆಡ್‌ಪುರದ ರಾಷ್ಟ್ರೀಯ ಲೋಹವಿಜ್ಞಾನ ಪ್ರಯೋಗಾಲಯ ಇಂಥ ತಂತಿಗಳನ್ನು ತಯಾರಿಸಿ, ಯಂತ್ರಗಳ ಉಕ್ಕಿನ ಭಾಗಗಳು ಒಳಗೊಳಗೇ ಸವೆದಿವೆಯೇ ಎಂದು ಅವನ್ನು ಕೆಡಿಸದೆಯೇ ತಪಾಸಣೆ ಮಾಡುವ ಸೆನ್ಸರುಗಳ ಮೇಲೆ ಕೆಲಸ ನಡೆಸಿದೆ.