ಎರಡು ನುಡಿ ಬಲ್ಲವನ ಮೇಲ್ಸಂಪಾದನೆ

ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಹದ ಗಿರಾಕಿ ಬರುವತನಕ ಹೋಟೆಲಿನ ನೌಕರನಿಗೆ ಎರಡು ಗಂಟೆಯ ಬಿಡುವು ದೊರೆಯುವುದು. ಈ ಬಿಡುವಿನಲ್ಲಿ ಹತ್ತು ಮಂದಿ ನಿದ್ರಿಸುವರು, ನಾಲ್ವರು ಮೊಬೈಲಿನಲ್ಲಿ ಮುಖವಿಟ್ಟು ಕುಳಿತಿರುವರು. ನಾನು ಗಲ್ಲಾದ ಮೇಲೆ ಕುಳಿತಿದ್ದ ಕಾಲದಲ್ಲಿ ನಮ್ಮಲ್ಲಿದ್ದ ಕುಂದಾಪುರ ಕಡೆಯ ಒಬ್ಬ ಸಪ್ಲೈಯರ್ ಮಾತ್ರ ಗಿರಾಕಿಗಳು ಬಿಟ್ಟುಹೋದ ಮರಾಠಿ ಪತ್ರಿಕೆಯನ್ನು ಮಡಚಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದನು. ಒಂದು ವರ್ಷದಲ್ಲಿ ಆತನು ಅಗ್ರಲೇಖನವನ್ನು ಓದಿ ಅದರ ಸಾರವನ್ನು ಭಟ್ಟರಿಗೆ ಕನ್ನಡದಲ್ಲಿ ಹೇಳುವಷ್ಟು ಮುಂದುವರಿದಿದ್ದನು.

ಹವ್ಯಾಸದಿಂದ ನಾಲ್ಕು ಕಾಸು ಸಂಪಾದಿಸುವುದು ಹೇಗೆಂದು ನಮ್ಮ ವಾಚಕರು ಆಗಾಗ್ಗೆ ಕೇಳುವುದುಂಟು. ಛಾಯಾಚಿತ್ರ, ಹಾರ್ಮೋನಿಯಂ, ಹೂವಿನ ಕುಂಡ ಇವೆಲ್ಲವೂ ಒಳ್ಳೆಯವೇ. ಆದರೆ ಅವಕ್ಕೆ ಮೊದಲು ಹಣ ಬೇಕು, ಸ್ಥಳವೂ ಬೇಕು. ಆರು ಮಂದಿ ಒಂದೇ ಕೋಣೆಯಲ್ಲಿ ಮಲಗುವವರಿಗೆ ಹೂಕುಂಡದ ಉಪದೇಶ ಮಾಡುವುದು ನನಗೆ ಸರಿಕಾಣದು. ಪುಣೆಯ ಕನ್ನಡಿಗನ ಬಳಿ ಕೊಳ್ಳದೆಯೇ ಬಂದ ಬಂಡವಾಳವೊಂದಿದೆ. ಮನೆಯಲ್ಲಿ ಕನ್ನಡ, ಹಲವರಿಗೆ ತುಳು ಅಥವಾ ಕೊಂಕಣಿ ಕೂಡ. ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ, ಇಂಗ್ಲಿಷು. ಇದನ್ನು ಬಂಡವಾಳವೆಂದು ಎಣಿಸಿದವರು ಕಡಿಮೆ.

ಎಣಿಸಿದವರಲ್ಲಿ ಹಿರಿಯರು ಗಳಗನಾಥರು. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಧಾರವಾಡ ಸೀಮೆಯಲ್ಲಿ ಶಾಲಾ ಮಾಸ್ತರರಾಗಿದ್ದವರು. ಆಗ ಆ ಸೀಮೆ ಮುಂಬಯಿ ಇಲಾಖೆಗೆ ಸೇರಿದ್ದುದರಿಂದ ಮರಾಠಿ ಬಲ್ಲವರು ಅಲ್ಲಿ ಅನೇಕರಿದ್ದರು. ಆದರೆ ಆ ಬಲ್ಲವಿಕೆಯಿಂದ ಕನ್ನಡಕ್ಕೆ ಕಾದಂಬರಿಗಳನ್ನು ತಂದು, ಓದುವವರ ಒಂದು ಪಡೆಯನ್ನೇ ಹುಟ್ಟಿಸಿದವರು ಇವರು. ಅವರು ಕನ್ನಡಿಸಿದ ಕಾದಂಬರಿಗಳಲ್ಲಿ ಮುಖ್ಯವಾದವು ಇದೇ ಪುಣೆಯ ಹರಿ ನಾರಾಯಣ ಆಪಟೆಯವರವು. ಆ ಆಪಟೆಯವರಾದರೂ ಕಾದಂಬರಿಯಿಂದಲೇ ಹೊಟ್ಟೆ ಹೊರೆದವರಲ್ಲ, ಇಲ್ಲಿನ ಆನಂದಾಶ್ರಮ ಸಂಸ್ಥೆಯ ವ್ಯವಸ್ಥಾಪಕರಾಗಿದ್ದರು. ಗಳಗನಾಥರು ಕೊನೆಗೆ ಮಾಸ್ತರಿಕೆಯನ್ನು ಬಿಟ್ಟು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1942ರಲ್ಲಿ ತೀರಿಕೊಂಡಾಗ ಅವರೇನೂ ಲಕ್ಷಾಧೀಶರಾಗಿರಲಿಲ್ಲ. ಸಾಹಿತ್ಯದ ಅನುವಾದದಿಂದ ಮನೆ ಕಟ್ಟಿಸುವ ಕನಸನ್ನು ಯಾರೂ ಕಾಣಬೇಡಿರೆಂದು ಹೇಳುವುದಕ್ಕಾಗಿಯೇ ಈ ಮಾತು ತೆಗೆದೆನು.

ನಮ್ಮ ಕಾಲದ ಉದಾಹರಣೆ ಇದೇ ಊರಿನಲ್ಲಿದೆ. ಬೆಳಗಾವಿಯಲ್ಲಿ ಹುಟ್ಟಿ ಪುಣೆಯ ಸೊಸೆಯಾಗಿ ಬಂದ ಉಮಾ ಕುಲಕರ್ಣಿಯವರಿಗೆ ಕನ್ನಡ ಕಿವಿಯ ಭಾಷೆ, ಮರಾಠಿ ಬರವಣಿಗೆಯ ಭಾಷೆ. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಟೇಪಿನಲ್ಲಿ ಮುದ್ರಿಸಿಡುವುದು, ಇವರು ಅದನ್ನು ಕೇಳುತ್ತ ಮರಾಠಿಯಲ್ಲಿ ಬರೆಯುವುದು, ಹೀಗೆ ಮನೆಯೊಳಗಿನ ಪ್ರೀತಿಯ ಕೆಲಸವಾಗಿ ಅದು ನಡೆಯಿತು. ಕಾರಂತರನ್ನೂ ಭೈರಪ್ಪನವರನ್ನೂ ಮರಾಠಿ ವಾಚಕರ ಮನೆಗೆ ಮುಟ್ಟಿಸಿದ್ದು ಹೀಗೆ. ‘ವಂಶವೃಕ್ಷ’ದ ಅನುವಾದಕ್ಕೆ 1989ರ ಸಾಹಿತ್ಯ ಅಕಾಡೆಮಿ ಅನುವಾದ ಪ್ರಶಸ್ತಿ ಬಂದಿತು. ಓದಬಲ್ಲವನೊಬ್ಬ, ಬರೆಯಬಲ್ಲವನೊಬ್ಬ ಕೂಡಿದರೆ ಅರ್ಧ ವಿದ್ಯೆಗಳೆರಡು ಒಂದು ಪೂರ್ಣ ವಿದ್ಯೆಯಾಗುವುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಒಂದೇ ಕೋಣೆಯಲ್ಲಿರುವ ಗುಮಾಸ್ತನೂ ಸಪ್ಲೈಯರನೂ ಹೀಗೆ ಕೂಡಬಾರದೇಕೆ?

ದಿನನಿತ್ಯದ ಅನುವಾದದ ಮಾತು ಬೇರೆ. ಜಾಹೀರಾತು, ಬಾಡಿಗೆ ಕರಾರು, ಔಷಧಿಯ ಸೂಚನೆ, ಬ್ಯಾಂಕಿನ ನಮೂನೆ ಮುಂತಾದವಕ್ಕೆ ಪದದ ಲೆಕ್ಕದಲ್ಲಿ ಹಣ ಕೊಡುವ ವಾಡಿಕೆಯಿದೆ. ಇಲ್ಲೊಂದು ಮೋಸದ ಗುಂಡಿಯಿರುವುದನ್ನು ಹೊಸಬರು ತಿಳಿಯರು. ಇಂಗ್ಲಿಷಿನಲ್ಲಿ ‘ಇನ್ ದಿ ಹೋಟೆಲ್ ಆಲ್ಸೋ’ ಎಂದರೆ ನಾಲ್ಕು ಪದ. ಕನ್ನಡದಲ್ಲಿ ‘ಹೋಟೆಲಿನಲ್ಲಿಯೂ’ ಎಂದು ಒಂದೇ ಪದ. ಬರೆದ ಕನ್ನಡದ ಪದಗಳನ್ನೆಣಿಸಿ ಹಣ ಕೊಡುವೆವೆಂದರೆ ನಿಮ್ಮ ದುಡಿಮೆಯ ಒಂದು ಪಾಲು ಹಾಗೆಯೇ ಹೋಯಿತು. ಮೂಲದ ಪದಗಳನ್ನೇ ಎಣಿಸಬೇಕೆಂದು ಮೊದಲೇ ಬರೆಯಿಸಿಕೊಳ್ಳಿರಿ.

ಈಗ ಯಂತ್ರವೇ ಅನುವಾದ ಮಾಡುವುದಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಮಾಡುವುದು, ನಿಜ, ಅದರಿಂದ ದರ ಇಳಿದಿರುವುದೂ ನಿಜ. ಆದರೆ ಮರಾಠಿಯವರು ಊಟಕ್ಕೆ ಕುಳಿತವರಿಗೆ ಮಾಡುವ ‘ಆಗ್ರಹ’ ಪ್ರೀತಿಯ ಒತ್ತಾಯ. ನಮ್ಮಲ್ಲಿ ಆಗ್ರಹವೆಂದರೆ ಹಕ್ಕೊತ್ತಾಯ, ಹಳೆಯ ಬರಹಗಳಲ್ಲಾದರೆ ಸಿಟ್ಟು. ಎರಡೂ ಮನೆಗಳಲ್ಲಿ ಉಂಡವನಿಗೆ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ. ಯಂತ್ರ ಬರೆದುದನ್ನು ತಿದ್ದುವ ಕೆಲಸಕ್ಕೂ ಇಂಥವನೇ ಬೇಕು.

ಯಂತ್ರಕ್ಕೆ ಇನ್ನೂ ಸುಲಭವಾಗಿ ಒಲಿಯದಿರುವ ಇನ್ನೊಂದು ವಿದ್ಯೆ ಮೋಡಿ ಲಿಪಿ. ಸಾಲಿನ ಉದ್ದಕ್ಕೂ ಮೊದಲು ತಲೆಗೆರೆ ಎಳೆದು, ಅದರ ಕೆಳಗೆ ಲೇಖನಿ ಎತ್ತದೆ, ಪದ ಪದಗಳ ನಡುವೆ ಸ್ಥಳ ಬಿಡದೆ ಬರೆದುಕೊಂಡು ಹೋಗುವ ಬರಹವದು. ಪೇಶ್ವೆಯವರ ದಫ್ತರು ಈ ಊರಿನಲ್ಲಿಯೇ ಇದೆ. ಅದರ ಕಾಗದಗಳು ಬಹುಪಾಲು ಮೋಡಿಯಲ್ಲಿವೆ. ಬೆಳಗಾವಿ, ಧಾರವಾಡ, ವಿಜಾಪುರಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಜಮಖಂಡಿಯಂಥ ಕನ್ನಡ ಊರನ್ನು ಪಟವರ್ಧನರು ಆಳಿದರು. ಆದಕಾರಣ ಆ ಕಡೆಯ ಕೆಲವು ಮನೆಗಳ ಪೆಟ್ಟಿಗೆಯಲ್ಲಿ ಅಜ್ಜನ ಜಮೀನಿನ ಕಾಗದ ಮೋಡಿಯಲ್ಲಿದೆ, ಓದುವವರಿಲ್ಲ. ಪಾಲು ಪಾರೀಕತ್ತಿನ ತಕರಾರು ಬಂದಾಗ ಓದಬಲ್ಲವನನ್ನು ಹುಡುಕಿಕೊಂಡು ಬರುವರು, ಪುಟಕ್ಕೆ ಇಂತಿಷ್ಟೆಂದು ಕೊಡುವರು. 2023ರಲ್ಲಿ ಮಹಾರಾಷ್ಟ್ರ ಸರ್ಕಾರವು ಕುಣಬಿ ದಾಖಲೆಗಳನ್ನು ಹುಡುಕಿಸಲು ಹೊರಟಾಗ ಮೋಡಿ ಬಲ್ಲವರಿಗೆ ಎಂದಿಲ್ಲದ ಬೇಡಿಕೆ ಬಂದಿತು. ಅದುವರೆಗೆ ಇತಿಹಾಸದ ಹುಚ್ಚಿನಿಂದ ಕಲಿತವರನ್ನು ಮನೆಯವರೇ ನಗುತ್ತಿದ್ದರು. 1910ರಲ್ಲಿ ಸ್ಥಾಪಿತವಾದ ಭಾರತ ಇತಿಹಾಸ ಸಂಶೋಧಕ ಮಂಡಳವು ಇದೇ ಪುಣೆಯಲ್ಲಿ ಮೋಡಿಯ ವರ್ಗಗಳನ್ನು ನಡೆಸುತ್ತ ಬಂದಿದೆ. ಕನ್ನಡವನ್ನೂ ಮೋಡಿಯನ್ನೂ ಬಲ್ಲವನು ಆ ಕಾಗದವನ್ನು ಓದಿ ನೇರವಾಗಿ ಕನ್ನಡದಲ್ಲಿ ಬರೆದುಕೊಡಬಲ್ಲನು, ಅಂಥವರು ವಿರಳ.

ಗುಮಾಸ್ತರಿಗೆ ಎರಡು ಮಾತು. ಕೇಂದ್ರ ಸರ್ಕಾರದ ನೌಕರರ 1964ರ ನಡತೆ ನಿಯಮಗಳಲ್ಲಿ 15ನೆಯದು, ಕರ್ತವ್ಯಕ್ಕೆ ಬಾಧೆ ಬಾರದಂತೆ ಅಪರೂಪಕ್ಕೆ ಸಾಹಿತ್ಯಕ ಕೆಲಸ ಮಾಡುವುದಕ್ಕೆ ಮುಂಗಡ ಅಪ್ಪಣೆ ಬೇಡವೆನ್ನುವುದು. ಪುಟದ ಲೆಕ್ಕದ ವ್ಯವಹಾರವನ್ನು ಕಾಯಂ ಮಾಡುವುದಾದರೆ ಮಾತ್ರ ಅಪ್ಪಣೆ ಬೇಡಿ ಪಡೆಯಿರಿ. ಖಾಸಗಿ ನೌಕರರು ತಮ್ಮ ನೇಮಕಾತಿ ಪತ್ರವನ್ನು ಒಮ್ಮೆ ಓದುವುದು ಲೇಸು. ಪುಸ್ತಕ ಅನುವಾದಿಸುವವರು ಮೂಲಲೇಖಕರ ಒಪ್ಪಿಗೆ ಪಡೆಯಲೇಬೇಕು. ಲೇಖಕರು ತೀರಿಕೊಂಡು 60 ವರ್ಷ ಕಳೆಯುವವರೆಗೂ ಆ ಹಕ್ಕು ವಾರಸುದಾರರದು. 1919ರಲ್ಲಿ ತೀರಿಕೊಂಡ ಆಪಟೆಯವರ ಕೃತಿಗಳು ಎಲ್ಲರವು. 1976ರಲ್ಲಿ ತೀರಿಕೊಂಡ ಖಾಂಡೇಕರರವು 2036 ಮುಗಿಯುವತನಕ ಅಲ್ಲ.

ಇನ್ನು ನಮ್ಮ ಸಪ್ಲೈಯರನ ಮಾತು. ಆತನ ಮರಾಠಿ ಚೆನ್ನಾದಂತೆ ಹೋಟೆಲಿಗೆ ಬಂದ ನೋಟೀಸುಗಳನ್ನೆಲ್ಲ ನಾನು ಆತನ ಕೈಗೇ ಕೊಡತೊಡಗಿದೆನು. ಲೈಸೆನ್ಸಿನ ಅರ್ಜಿ, ಮಾಲೀಕರೊಡನೆ ಕರಾರು, ಎಲ್ಲವನ್ನೂ ಆತನು ತನ್ನ ಬಿಡುವಿನ ಆ ಎರಡು ಗಂಟೆಯಲ್ಲಿ ಬರೆದುಕೊಟ್ಟನು. ಮೂರು ವರ್ಷ ನಡೆದ ಈ ಕೆಲಸಕ್ಕೆ ನಾನು ಕೊಟ್ಟದ್ದು ಒಂದು ಲೋಟ ಕಾಫಿ ಮತ್ತು ‘ಶಾಭಾಸ್’. ವಕೀಲರಿಗೆ ಹೋಗಬೇಕಿದ್ದ ಹಣ ಉಳಿಯಿತೆಂದು ಸಂತೋಷಪಟ್ಟೆನೇ ಹೊರತು, ಅದು ಯಾರ ನಿದ್ರೆಯಿಂದ ಉಳಿಯಿತೆಂದು ಎಣಿಸಲಿಲ್ಲ. ಒಂದು ದಿನ ಕಾಗದ ಮುಂದಿಟ್ಟಾಗ ಆತನು ತಲೆ ತಗ್ಗಿಸಿಯೇ, “ಅಣ್ಣಾ, ಇನ್ನು ಮೇಲೆ ಪುಟದ ಲೆಕ್ಕ” ಎಂದನು. ನನಗೆ ಸಿಟ್ಟು ಬಂದಿತು. ಅನ್ನ ಹಾಕಿದವನಿಗೇ ಲೆಕ್ಕವೇ ಎಂದು ಕೇಳಿಬಿಟ್ಟೆನು. ಆತನು ಎದುರು ಆಡಲಿಲ್ಲ. ಮರುತಿಂಗಳು ಸಂಬಳ ತೆಗೆದುಕೊಂಡು ಹೊರಟುಹೋದನು. ಆಮೇಲೆ ಅದೇ ಬಗೆಯ ಅರ್ಜಿಯನ್ನು ಹೊರಗೆ ಬರೆಯಿಸಿದಾಗ ತೆತ್ತ ಹಣ ನೋಡಿ ನಾನು ಮೂರು ವರ್ಷದ ಲೆಕ್ಕ ಹಾಕಿದೆನು.

ಪತ್ರಿಕೆಗೆ ಬಂದ ಮೇಲೆ ಆತನನ್ನು ಹುಡುಕಿಸಿ ಕರೆಯಿಸಿದೆನು. ಈಗ ಹಗಲು ಒಂದು ಗೋದಾಮಿನಲ್ಲಿ ಗುಮಾಸ್ತಿಕೆ, ರಾತ್ರಿ ಅನುವಾದ, ಭಾನುವಾರ ಮೋಡಿ. ರಾತ್ರಿ ಕೆಲಸ ಹೆಚ್ಚಾದುದರಿಂದ ಪತ್ರಿಕೆಯನ್ನು ಸುಮ್ಮನೆ ಸಂತೋಷಕ್ಕಾಗಿ ಓದಿ ಬಹಳ ದಿನವಾಯಿತೆಂದೂ ಹೇಳಿಕೊಂಡನು. ಹಳೆಯ ಬಾಕಿಯ ಮಾತು ತೆಗೆದರೆ ನಕ್ಕು ಬೇರೆ ಮಾತಿಗೆ ಹೋದನು. ಮೇಲೆ ಮೋಡಿಯ ವಿಷಯವಾಗಿ ಬರೆದುದನ್ನು ಆತನಿಗೇ ತೋರಿಸಿ ತಿದ್ದಿಸಿಕೊಂಡಿದ್ದೇನೆ. ಬಿಲ್ಲು ಕಳುಹಿಸೆಂದು ಹೇಳಿದ್ದೇನೆ, ಇನ್ನೂ ಬಂದಿಲ್ಲ.