ಪೋಷಕರ ಸಭೆ: ಹಿಂದಿನ ಸಾಲಿನವರು ಮತ್ತೆ ಬರಬೇಕಾದರೆ

ಬೇಸಿಗೆ ರಜೆ ಮುಗಿದು ಭಾನುವಾರದ ಕನ್ನಡ ತರಗತಿಗಳು ಮತ್ತೆ ಶುರುವಾಗಿವೆ. ವರ್ಷದ ಮೊದಲ ಪೋಷಕರ-ಶಿಕ್ಷಕರ ಸಭೆಯೂ ಹತ್ತಿರ ಬಂತು. ಈ ಸಭೆ ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ಮುಂದಿನ ಸಾಲಿನಲ್ಲಿ ಪ್ರತಿವರ್ಷದ ಅದೇ ಎಂಟು ಹತ್ತು ಮುಖಗಳು, ಹಿಂದಿನ ಸಾಲಿನಲ್ಲಿ ಹೊಸದಾಗಿ ಸೇರಿದ ನಾಲ್ಕೈದು ಮಂದಿ. ಮುಂದಿನವರು ಮಾತಾಡುತ್ತಾರೆ, ಹಿಂದಿನವರು ಸುಮ್ಮನೆ ಕೇಳಿ ಎದ್ದು ಹೋಗುತ್ತಾರೆ. ಮುಂದಿನ ಸಭೆಯ ಹೊತ್ತಿಗೆ ಹಿಂದಿನ ಸಾಲು ಖಾಲಿ.

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಮ್ಮ ಶಾಲೆಗೆ ಸಂಬಳದ ಶಿಕ್ಷಕರಿಲ್ಲ. ಪಾಠ ಹೇಳುವವರು, ಬಾಗಿಲು ತೆಗೆಯುವವರು, ಕೊಠಡಿಯ ಬಾಡಿಗೆ ಲೆಕ್ಕ ಬರೆಯುವವರು ಎಲ್ಲರೂ ಪೋಷಕರೇ. ಮಗ ಅಥವಾ ಮಗಳು ಕಾಲೇಜಿಗೆ ಹೊರಟ ವರ್ಷವೇ ಅಪ್ಪ ಅಮ್ಮನೂ ಶಾಲೆಯಿಂದ ದೂರವಾಗುವುದು ಸಹಜ. ಅವರ ಜಾಗಕ್ಕೆ ಬರಬೇಕಾದವರು ಇವತ್ತು ಹಿಂದಿನ ಸಾಲಿನಲ್ಲಿ ಕೂತಿರುವ ಹೊಸಬರು. ಅವರು ಎರಡನೇ ಸಭೆಗೆ ಬರದೇ ಹೋದರೆ, ಇನ್ನು ನಾಲ್ಕೈದು ವರ್ಷಕ್ಕೆ ಅ ಆ ಇ ಈ ಕಲಿಸಲು ಜನ ಎಲ್ಲಿಂದ ತರುವುದು?

ಪೋಷಕರ ಸಭೆ ಎಂದರೆ ನಮ್ಮಲ್ಲಿ ಹಲವರಿಗೆ ಒಳಗೊಳಗೇ ಒಂದು ಅಳುಕು. ನಾವು ಊರಿನಲ್ಲಿ ಓದುವಾಗ ಅಪ್ಪನನ್ನು ಶಾಲೆಗೆ ಕರೆಸಿದ್ದಾರೆ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಬಂದದ್ದು 2001ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೂ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ನಮ್ಮಲ್ಲಿ ಹೆಚ್ಚಿನವರು ಅಷ್ಟರಲ್ಲಿ ಶಾಲೆ ಮುಗಿಸಿ ಹೊರಬಂದಿದ್ದೆವು.

ಇನ್ನು ನಮ್ಮ ಮಕ್ಕಳ ವಾರದ ಶಾಲೆಯ ಪಿಟಿಎ. ಅದರ ಮೂಲ 1897ರ ಫೆಬ್ರವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಆಲಿಸ್ ಬರ್ನಿ ಮತ್ತು ಫೀಬಿ ಹರ್ಸ್ಟ್ ಎಂಬ ಇಬ್ಬರು ಹೆಂಗಸರು ಕರೆದ ತಾಯಂದಿರ ಸಮಾವೇಶದಲ್ಲಿದೆ. ಆದರೆ ಬಾಗಿಲು ಎಲ್ಲರಿಗೂ ಒಂದೇ ರೀತಿ ತೆರೆದಿರಲಿಲ್ಲ. ಕಪ್ಪು ಮಕ್ಕಳಿಗೆ ಬೇರೆ ಶಾಲೆಗಳಿದ್ದ ರಾಜ್ಯಗಳಲ್ಲಿ ಅವರ ಪೋಷಕರು ಬೇರೆಯೇ ಸಂಘ ಕಟ್ಟಿಕೊಳ್ಳಬೇಕಾಯಿತು. ಅಟ್ಲಾಂಟಾದ ಸೆಲೀನಾ ಸ್ಲೋನ್ ಬಟ್ಲರ್ ಅವರ ಮುಂದಾಳತ್ವದಲ್ಲಿ 1926ರಲ್ಲಿ ಅದು ರಾಷ್ಟ್ರಮಟ್ಟದ ಸಂಸ್ಥೆಯಾಯಿತು. ಎರಡೂ ಒಂದಾದದ್ದು 1970ರಲ್ಲಿ. ‘ಎಲ್ಲರಿಗೂ ಸ್ವಾಗತ’ ಎಂದು ಫಲಕ ಹಾಕುವುದು ಸುಲಭ. ಬಂದವರಿಗೆ ಹಾಗೆ ಅನ್ನಿಸಿತೇ ಎಂಬುದು ಬೇರೆ ಮಾತು.

ನಮ್ಮಲ್ಲಿ ಆ ಪ್ರಶ್ನೆ ಮೊದಲು ಏಳುವುದು ಭಾಷೆಯ ವಿಷಯದಲ್ಲಿ. ಕನ್ನಡ ಶಾಲೆಯ ಸಭೆ ಕನ್ನಡದಲ್ಲೇ ನಡೆಯಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ನಾವೇ ಇಂಗ್ಲಿಷಿಗೆ ಜಾರಿದರೆ ಮಕ್ಕಳಿಗೆ ಯಾವ ಮುಖ ಹೊತ್ತು ಹೇಳುವುದು? ಆದರೆ ನಮ್ಮ ಮನೆಗಳಲ್ಲಿ ತಮಿಳು, ಹಿಂದಿ, ಸ್ಪ್ಯಾನಿಷ್ ಮಾತಾಡುವ ಅಪ್ಪಂದಿರೂ ಅಮ್ಮಂದಿರೂ ಇದ್ದಾರೆ. ತಮಗೆ ಬಾರದ ಭಾಷೆಯನ್ನು ಮಗು ಕಲಿಯಲಿ ಎಂದು ಪ್ರತಿ ಭಾನುವಾರ ಬೆಳಿಗ್ಗೆ ಕಾರು ಓಡಿಸಿಕೊಂಡು ಬರುವವರು ಅವರು. ಅವರಿಗಿಂತ ದೊಡ್ಡ ಕನ್ನಡ ಕೆಲಸ ಮಾಡುವವರು ನಮ್ಮಲ್ಲಿ ಎಷ್ಟು ಮಂದಿ? ಅವರ ಪಕ್ಕದಲ್ಲಿ ಒಬ್ಬರು ಕೂತು ಮೆಲ್ಲಗೆ ವಿಷಯ ತಿಳಿಸುತ್ತಿರಲಿ. ಪ್ರತಿ ತೀರ್ಮಾನವನ್ನೂ ಕೊನೆಗೆ ಇಂಗ್ಲಿಷಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಿಬಿಡಿ. ಅವರು ತಡವರಿಸುತ್ತಾ ಒಂದು ಕನ್ನಡ ಮಾತು ಆಡಿದರೆ ನಗದೆ ಕೇಳಿ, ತಿದ್ದಲು ಹೋಗಬೇಡಿ.

ಕನ್ನಡ ಬರುವವರ ನಡುವೆಯೂ ಇಂಥದ್ದೇ ಒಂದು ತೊಡಕಿದೆ. ಧಾರವಾಡದ ಕಡೆಯವರು ‘ಬರ್ರಿ, ಕೂಡ್ರಿ’ ಎಂದಾಗ ಕಿಸಕ್ಕನೆ ನಗುವುದು, ಕರಾವಳಿಯವರ ಮಾತು ‘ಪುಸ್ತಕದ ಹಾಗಿದೆ’ ಎನ್ನುವುದು. ಹೇಳುವವರಿಗೆ ತಮಾಷೆ, ಹೊಸದಾಗಿ ಬಂದವರಿಗೆ ಬಾಯಿ ಮುಚ್ಚಿಕೊಳ್ಳಲು ಅಷ್ಟು ಸಾಕು. ಹಾಗೆಯೇ ‘ನಿಮ್ಮೂರು ಯಾವುದು?’ ಎಂಬ ಪ್ರಶ್ನೆ ಪರದೇಶದಲ್ಲಿ ಎಷ್ಟು ಹಿತ! ಅಲ್ಲಿಗೇ ನಿಲ್ಲಿಸಿ. ಮನೆತನ, ಅಡ್ಡಹೆಸರು, ಮನೆಯಲ್ಲಿ ಏನು ಊಟ ಎಂದು ಮುಂದುವರಿಯುವ ಪ್ರಶ್ನೆಗಳು ಎಲ್ಲಿಗೆ ಹೊರಟಿವೆ ಎಂಬುದು ಕೇಳಿಸಿಕೊಂಡವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಸಭೆಯನ್ನು ಅಚ್ಚುಕಟ್ಟಾಗಿ ನಡೆಸುವುದೂ ಸ್ವಾಗತದ ಭಾಗವೇ. ಪುಟ್ಟ ಮಗುವನ್ನು ಸಂಗಾತಿಯ ಕೈಗೆ ಕೊಟ್ಟು ಬಂದವರಿಗೆ ಒಂದು ಗಂಟೆಯ ಸಭೆ ಎರಡು ಗಂಟೆಯಾದರೆ ಅವರು ಇನ್ನೊಮ್ಮೆ ಬರುವುದಿಲ್ಲ. ಶುಲ್ಕ ಯಾವಾಗ, ರಜೆ ಯಾವಾಗ ಎಂಬಂಥ ಪ್ರಕಟಣೆಗಳು ನಾಲ್ಕು ದಿನ ಮೊದಲೇ ಇಮೇಲ್‌ನಲ್ಲಿ ಹೋಗಲಿ. ಸಭೆಗೆ ಉಳಿಯಬೇಕಾದದ್ದು ಎಲ್ಲರೂ ಸೇರಿ ತೀರ್ಮಾನಿಸಬೇಕಾದ ಎರಡು ಮೂರು ವಿಷಯಗಳು. ಅವನ್ನೂ ಪ್ರಶ್ನೆಯ ರೂಪದಲ್ಲಿ ಬರೆಯಿರಿ. ‘ರಾಜ್ಯೋತ್ಸವ’ ಎಂದು ಕಾರ್ಯಸೂಚಿಯಲ್ಲಿ ಬರೆದರೆ ಯಾರೂ ಯೋಚಿಸಿಕೊಂಡು ಬರುವುದಿಲ್ಲ. ‘ರಾಜ್ಯೋತ್ಸವಕ್ಕೆ ಎಲ್ಲ ಮಕ್ಕಳೂ ಸೇರಿ ಒಂದು ನಾಟಕವೋ, ತರಗತಿಗೊಂದು ಪುಟ್ಟ ಪ್ರಸಂಗವೋ?’ ಎಂದರೆ ಮನೆಯಲ್ಲೇ ಚರ್ಚೆ ಆಗಿರುತ್ತದೆ. ಊರಿನ ಸಹಕಾರ ಸಂಘದ ನೋಟಿಸಿನ ಕೊನೆಯಲ್ಲಿ ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರೆ ವಿಷಯಗಳು’ ಎಂದಿರುತ್ತದಲ್ಲ, ಸಮಯ ನುಂಗುವುದು ಅದೇ. ಅದಕ್ಕೆ ಐದು ನಿಮಿಷ, ಹೆಚ್ಚು ಬೇಡ.

ಮಾತು ಇಬ್ಬರು ಮೂವರ ಕೈಯಲ್ಲೇ ಉಳಿಯುವುದು ಹಳೆಯ ರೋಗ. ಹೆನ್ರಿ ರಾಬರ್ಟ್ ಎಂಬ ಅಮೆರಿಕದ ಸೇನಾ ಎಂಜಿನಿಯರ್ 1863ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ ಒಂದು ಚರ್ಚಿನ ಸಭೆಯ ಅಧ್ಯಕ್ಷತೆ ವಹಿಸಬೇಕಾಗಿ ಬಂದು, ಸಭೆ ಗದ್ದಲವಾಗಿ ಕೈತಪ್ಪಿತು. ಆಮೇಲೆ ಹಟ ಹಿಡಿದು ಸಭೆ ನಡೆಸುವ ಕ್ರಮವನ್ನು ಅಭ್ಯಾಸ ಮಾಡಿ 1876ರಲ್ಲಿ ‘ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್’ ಪ್ರಕಟಿಸಿದ. ಇವತ್ತಿಗೂ ಇಲ್ಲಿನ ಸಂಘಸಂಸ್ಥೆಗಳು ಅದನ್ನು ಬಳಸುತ್ತವೆ. ಅಷ್ಟು ದಪ್ಪ ಪುಸ್ತಕ ನಮಗೆ ಬೇಕಿಲ್ಲ. ಅದರಲ್ಲಿರುವ ಒಂದು ನಿಯಮ ಸಾಕು. ಒಂದು ವಿಷಯದ ಮೇಲೆ ಇನ್ನೂ ಮಾತಾಡದವರೊಬ್ಬರು ಮಾತಾಡಬೇಕೆಂದಿದ್ದರೆ, ಒಮ್ಮೆ ಮಾತಾಡಿದವರು ಕಾಯಬೇಕು. ನಡೆಸುವವರು ಇದನ್ನು ಸಭೆಯ ಆರಂಭದಲ್ಲೇ ನಗುತ್ತಾ ಹೇಳಿಬಿಟ್ಟರೆ ಆಮೇಲೆ ಯಾರನ್ನು ತಡೆದರೂ ಬೇಸರವಿರುವುದಿಲ್ಲ.

‘ನನ್ನ ಮಗಳಿಗೆ ಒತ್ತಕ್ಷರ ಬರುತ್ತಿಲ್ಲ, ಟೀಚರ್ ಗಮನಿಸುತ್ತಿಲ್ಲ’ ಎಂಬಂಥ ದೂರುಗಳು ತುಂಬಿದ ಸಭೆಗೆ ಬೇಡ. ಸ್ವಂತ ಭಾನುವಾರ ಬಿಟ್ಟು ಬಂದ ಶಿಕ್ಷಕಿ ಮೂವತ್ತು ಜನರೆದುರು ಉತ್ತರ ಕೊಡಬೇಕಾಗುತ್ತದೆ, ಮಗುವಿನ ಹೆಸರೂ ಎಲ್ಲರ ಬಾಯಿಗೆ ಬೀಳುತ್ತದೆ. ಸಭೆ ಮುಗಿದ ಮೇಲೆ ಅಂಥವರಿಗೆಂದೇ ಅರ್ಧ ಗಂಟೆ ಇಟ್ಟು, ಒಬ್ಬೊಬ್ಬರಾಗಿ ಶಿಕ್ಷಕರ ಜೊತೆ ಕೂರುವ ಏರ್ಪಾಡು ಮಾಡಿ.

ಕೆಲಸ ಹಂಚುವಾಗ ‘ಯಾರಾದರೂ ಸಹಾಯ ಮಾಡ್ತೀರಾ?’ ಎಂದು ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ. ‘ಅಕ್ಟೋಬರ್ ಎರಡನೇ ಭಾನುವಾರ ಒಂಬತ್ತೂವರೆಯಿಂದ ಹತ್ತರವರೆಗೆ ಬಾಗಿಲ ಬಳಿ ನಿಂತು ಮಕ್ಕಳ ಹಾಜರಿ ಬರೆಯಬೇಕು’ ಎಂದರೆ ಹೊಸಬರೂ ಕೈ ಎತ್ತುತ್ತಾರೆ. ಕೆಲಸ ಎಲ್ಲಿ ಮುಗಿಯುತ್ತದೆ ಎಂದು ಅವರಿಗೆ ಕಾಣಿಸುತ್ತದೆ.

ಮಕ್ಕಳೇ, ನಿಮಗೂ ಇಲ್ಲಿ ಕೆಲಸವಿದೆ. ಸಭೆಗೆ ಹಿಂದಿನ ವಾರ ತರಗತಿಯಲ್ಲಿ ನಿಮ್ಮ ಅಪ್ಪ ಅಮ್ಮನ ಹೆಸರುಗಳನ್ನು ಕನ್ನಡದಲ್ಲಿ ದೊಡ್ಡದಾಗಿ, ಕೆಳಗೆ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಚೀಟಿಯ ಮೇಲೆ ಬರೆಯಿರಿ. ಕನ್ನಡ ಓದಲು ಬಾರದ ಅಪ್ಪ ತನ್ನ ಹೆಸರನ್ನು ಕನ್ನಡದಲ್ಲಿ ನೋಡಿ ‘ಇದರಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಯಾವುದು?’ ಎಂದು ಕೇಳಿಯೇ ಕೇಳುತ್ತಾರೆ. ಆಗ ನೀವೇ ಟೀಚರ್. ಹೈಸ್ಕೂಲಿನ ಅಕ್ಕಂದಿರು, ಅಣ್ಣಂದಿರು ಪಕ್ಕದ ಕೊಠಡಿಯಲ್ಲಿ ಪುಟಾಣಿಗಳನ್ನು ಆಡಿಸಿದರೆ ಅಮ್ಮಂದಿರು ನಿಶ್ಚಿಂತೆಯಿಂದ ಕೂರಬಹುದು. ಒಬ್ಬ ದೊಡ್ಡವರು ಮಾತ್ರ ಜೊತೆಗಿರಲೇಬೇಕು. ಸಭೆಯ ಮೊದಲ ಹತ್ತು ನಿಮಿಷ ನಿಮ್ಮಲ್ಲೇ ಇಬ್ಬರು ಬಂದು, ಕನ್ನಡ ಕಲಿಯುವುದರಲ್ಲಿ ಯಾವುದು ಇಷ್ಟ, ಯಾವುದು ಕಷ್ಟ ಎಂದು ಹೇಳಿ. ಹೆದರಬೇಡಿ, ಯಾರೂ ಅಂಕ ಕೊಡುವುದಿಲ್ಲ.

ಸಭೆಯ ನಡಾವಳಿ ಅದೇ ರಾತ್ರಿ ಎಲ್ಲರಿಗೂ ತಲುಪಲಿ. ಅರ್ಧ ಪುಟ ಸಾಕು: ಏನು ತೀರ್ಮಾನವಾಯಿತು, ಯಾರು ಮಾಡುತ್ತಾರೆ, ಯಾವಾಗಿನ ಒಳಗೆ. ಬರಲಾಗದವರಿಗೂ ಅದು ಹೋಗಬೇಕು. ಮೊದಲ ಸಲ ಬಂದಿದ್ದವರಿಗೆ ಆ ವಾರದಲ್ಲಿ ಒಬ್ಬರು ಫೋನು ಮಾಡಿ ಮಾತಾಡಿಸಲಿ. ಮುಂದಿನ ಸಭೆಯ ದಿನವನ್ನು ಎಲ್ಲರೂ ಎದ್ದು ಹೋಗುವ ಮೊದಲೇ ನಿಗದಿ ಮಾಡಿ. ನವೆಂಬರ್ ಮೊದಲ ಭಾನುವಾರ ಮಾತ್ರ ಬೇಡ: ಅಂದು ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ರಾಜ್ಯೋತ್ಸವದ ಗಡಿಬಿಡಿಯೂ ಅದೇ ವಾರ.